ನಮ್ಮ ಹೆಸರಲ್ಲಿ ಬೇರೆಯವರ ಅಂಗಡಿ

ನಾನು ಮುಖ ಕಂಡಿರದ ಜನ ನನ್ನನ್ನು ಕಳ್ಳಿ ಎಂದು ಕರೆದ ದಿನಗಳ ಬಗ್ಗೆ ಬರೆಯುತ್ತಿದ್ದೇನೆ. ಅವರ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ನನ್ನ ಫೋಟೊ, ನಮ್ಮೂರಿನ ಹೆಸರು ನೋಡಿ ನಂಬಿ ದುಡ್ಡು ಹಾಕಿ ಕಳೆದುಕೊಂಡವರು ಅವರು. ಮೊಬೈಲಿನಲ್ಲಿ ಸಣ್ಣ ವ್ಯಾಪಾರ ಶುರು ಮಾಡುವ ಹೆಣ್ಣುಮಕ್ಕಳು ನಮ್ಮ ಕಡೆ ಈಗ ಬಹಳ ಮಂದಿ ಇದ್ದಾರೆ. ಫೋಟೊ ಹೇಗೆ ತೆಗೆಯಬೇಕು, ಯಾವ ಹೊತ್ತಿನಲ್ಲಿ ಹಾಕಬೇಕು ಎಂದು ಹೇಳಿಕೊಡುವವರು ಊರಿಗೊಬ್ಬರು ಸಿಗುತ್ತಾರೆ. ಹೆಸರನ್ನೇ ಕದ್ದರೆ ಏನು ಮಾಡಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ.

ನಮ್ಮದು ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರ. ಹೋಬಳಿ ಕೇಂದ್ರ, ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆಯ ಮೇಲಿರುವ ಊರು. ಕಬಿನಿ ಹಿನ್ನೀರಿಗೆ, ನಾಗರಹೊಳೆ ಕಾಡಿಗೆ, ವಯನಾಡಿಗೆ ಹೋಗುವ ಕಾರುಗಳು ವಾರದ ಕೊನೆಯಲ್ಲಿ ಸಾಲುಗಟ್ಟಿ ಹೋಗುತ್ತವೆ, ನಿಲ್ಲುವುದು ಕಡಿಮೆ. ಮಳೆ ನಂಬಿದ ಹೊಲದಲ್ಲಿ ಹತ್ತಿ, ರಾಗಿ, ಹುರುಳಿ. ನೀರಿದ್ದವರಿಗೆ ಬಾಳೆ, ಶುಂಠಿ. ನಮಗಿದ್ದದ್ದು ಮಳೆಯ ಹೊಲ. ಹತ್ತಿಯ ಸಾಲ ಹತ್ತಿಯಲ್ಲೇ ತೀರದೆ ಹೋದಾಗ ಅಮ್ಮ, ನಾನು ಸೇರಿ ಸ್ತ್ರೀಶಕ್ತಿ ಸಂಘದ ಸಾಲದಲ್ಲಿ ರಾಗಿ ಹುರಿಹಿಟ್ಟು ಮತ್ತು ಮೊಳಕೆ ರಾಗಿ ಹಿಟ್ಟು ಮಾಡಿ ಮಾರತೊಡಗಿದೆವು.

ಈ ಕೆಲಸ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತಿಳಿದರೆ ಮುಂದಿನ ಮಾತು ಅರ್ಥವಾದೀತು. ಮೊಳಕೆ ಹಿಟ್ಟಿಗೆ ರಾಗಿಯನ್ನು ಕಲ್ಲು ಹೋಗುವಂತೆ ಗಾಲಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಿಳಿ ಪಂಚೆಯಲ್ಲಿ ಬಿಗಿಯಾಗಿ ಕಟ್ಟಿಡಬೇಕು. ಸೆಕೆಗಾಲದಲ್ಲಿ ಮೊಳಕೆ ಬೇಗ ಬರುತ್ತದೆ, ಚಳಿಯಲ್ಲಿ ತಡ. ಬಂದ ಮೊಳಕೆಯನ್ನು ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಕೇರಿ, ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು ಬೀಸಿಸಿ, ಬಟ್ಟೆಯಲ್ಲಿ ಜಾಲಿಸಬೇಕು. ಒಣಗುವ ದಿನ ಮೋಡ ಕವಿದರೆ ಆ ಸಲದ್ದೆಲ್ಲ ಹುಳಿ ವಾಸನೆ ಹಿಡಿದು ದನದ ಬಾನಿಗೆ ಹೋಗುತ್ತದೆ. ಹುರಿಹಿಟ್ಟಿನ ಲೆಕ್ಕ ಬೇರೆ. ನೀರು ಚಿಮುಕಿಸಿ ಹದ ಮಾಡಿಟ್ಟ ರಾಗಿಯನ್ನು ಕಾದ ಬಾಣಲೆಗೆ ಹಿಡಿಹಿಡಿಯಾಗಿ ಹಾಕಿದರೆ ಚಟಪಟ ಎಂದು ಅರಳುತ್ತದೆ. ಆ ಕ್ಷಣಕ್ಕೆ ತೆಗೆಯಬೇಕು. ಅಮ್ಮ ಅದನ್ನು ಕಿವಿಯಲ್ಲೇ ತಿಳಿಯುತ್ತಾರೆ, ಸದ್ದು ಕಡಿಮೆಯಾದ ಕೂಡಲೇ ಬಾಣಲೆ ಇಳಿಸುತ್ತಾರೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ನಮ್ಮ ಪ್ಯಾಕೆಟ್ ತೆಗೆದುಕೊಳ್ಳುತ್ತಿದ್ದ ಮೈಸೂರಿನ ಅಂಗಡಿಗಳು ಬೇಡ ಎಂದವು. ಆಗ ಮೊಬೈಲು ಹಿಡಿದೆ. ವಾಟ್ಸ್‌ಆ್ಯಪ್ ಬಿಸಿನೆಸ್‌ಗೆ ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಹಿಟ್ಟಿನ ಪಟ್ಟಿ, ಬೆಲೆ, ವಿಳಾಸ ಹಾಕಿದೆ. ಆಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ. ಹಿಟ್ಟಿನ ಪ್ಯಾಕೆಟ್ ಫೋಟೊ ಹಾಕಿದರೆ ಯಾರೂ ನೋಡುತ್ತಿರಲಿಲ್ಲ. ಅಮ್ಮ ಹುರಿಯುವ ವಿಡಿಯೊ, ಆ ಚಟಪಟ ಸದ್ದು ಸಮೇತ ಹಾಕಿದ ಮೇಲೆ ಜನ ಬಂದರು. ಬೆಂಗಳೂರಿನಲ್ಲಿ ನೆಲೆಸಿದ ನಮ್ಮ ಕಡೆಯವರೇ ಮೊದಲ ಗಿರಾಕಿಗಳು. ಹುರಿಹಿಟ್ಟಿಗೆ ಮಜ್ಜಿಗೆ, ಬೆಲ್ಲ ಕಲಸಿ ತಿಂದು ಬೆಳೆದವರು. ಅವರ ಹಿಂದೆ ಎಳೆ ಮಕ್ಕಳ ತಾಯಂದಿರು ಬಂದರು, ರಾಗಿ ಸರಿ ಮಾಡಲು. ಬರೆದ ಉತ್ತರಕ್ಕಿಂತ ದನಿಯಲ್ಲಿ ಹೇಳಿದ ಉತ್ತರ ಅವರಿಗೆ ಸಮಾಧಾನ ಕೊಡುತ್ತಿತ್ತು. ಅಡುಗೆಮನೆಯಲ್ಲಿ ನೆಟ್‌ವರ್ಕ್ ಸಿಗದೆ ತಾರಸಿ ಹತ್ತಿ ಎಲ್ಲರಿಗೂ ಕನ್ನಡದಲ್ಲೇ ಮಾತಾಡಿ ಕಳಿಸುತ್ತಿದ್ದೆ. ಜಾಹೀರಾತಿಗೆ ದುಡ್ಡು ಕೊಟ್ಟು ತಂದುಕೊಂಡ ಗಿರಾಕಿಗಿಂತ ಹೀಗೆ ಮಾತಾಡಿ ಸಂಪಾದಿಸಿದ ಗಿರಾಕಿ ಉಳಿಯುತ್ತಾರೆ. ಇದು ನಾನು ಖಾತ್ರಿಯಿಂದ ಹೇಳುವ ಮಾತು.

ಕಾಗದ ಪತ್ರವನ್ನೂ ಸರಿಯಾಗಿಟ್ಟುಕೊಂಡೆ. ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿನ ಆಹಾರ ವ್ಯಾಪಾರಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಶುಲ್ಕ ಆಗ ವರ್ಷಕ್ಕೆ 100 ರೂಪಾಯಿ. ಉದ್ಯಮ್ ನೋಂದಣಿ ಉಚಿತ. ಇವೆರಡೂ ಮುಂದೆ ನನ್ನನ್ನು ಕಾಪಾಡಿದವು.

2023 ವಿಶ್ವಸಂಸ್ಥೆ ಸಾರಿದ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ಎಲ್ಲಿ ನೋಡಿದರೂ ರಾಗಿ, ನವಣೆ, ಸಾಮೆಯ ಮಾತು. ನಮ್ಮ ಆರ್ಡರೂ ಏರಿತು, ಕೆಲಸಕ್ಕೆ ಸಂಘದ ಇನ್ನಿಬ್ಬರು ಬಂದರು. ದಸರಾ ಹತ್ತಿರವಾಗುತ್ತಿದ್ದಾಗ ತುಮಕೂರಿನಿಂದ ಒಬ್ಬರ ಫೋನು. ‘ದುಡ್ಡು ಹಾಕಿ ಹದಿನೈದು ದಿನ ಆಯ್ತು, ಹಿಟ್ಟು ಎಲ್ಲಿ?’ ನನ್ನ ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲ. ‘ಸರ್, ನಮಗೆ ದುಡ್ಡು ಬಂದಿಲ್ಲ’ ಎಂದೆ. ‘ನಿಮ್ಮ ಮುಖ ನೋಡೇ ಹಾಕಿದ್ದು’ ಎಂದರು. ಅವರು ಕಳಿಸಿದ ಪುಟ ತೆರೆದೆ. ನಮ್ಮ ಹೆಸರು, ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಮಾತ್ರ ಹೆಚ್ಚು. ನಮ್ಮದೇ ಫೋಟೊ, ಅಮ್ಮನ ವಿಡಿಯೊ, ‘ಹಂಪಾಪುರದ ಹೆಣ್ಣುಮಕ್ಕಳ ಕೈಯಿಂದ’ ಎಂದು ನಾನೇ ಬರೆದ ಸಾಲು. ಫೋನ್ ನಂಬರ್ ಮಾತ್ರ ಬೇರೆ. ‘ದಸರಾ ಕೊಡುಗೆ, ಐದು ಕೆಜಿ ಮೊಳಕೆ ರಾಗಿ ಹಿಟ್ಟು, ಅಂಚೆ ಖರ್ಚು ಸೇರಿ 299.’

ಆ ವರ್ಷ ಸರ್ಕಾರ ರಾಗಿಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 3,846 ರೂಪಾಯಿ. ಐದು ಕೆಜಿ ಕಾಳಿಗೇ 190ರ ಮೇಲೆ ಆಗುತ್ತದೆ. ಮೊಳಕೆ ಕಟ್ಟಿ, ಬೇರು ಉದುರಿಸಿ, ಜಾಲಿಸಿದ ಮೇಲೆ ಕಾಳಿನ ತೂಕ ಹಿಟ್ಟಿಗೆ ಉಳಿಯುವುದಿಲ್ಲ. ಸೌದೆ, ಮಿಲ್ಲು, ಕೂಲಿ, ಪಾರ್ಸೆಲ್ ಇನ್ನೂ ಬಾಕಿ. ಆ ಬೆಲೆಗೆ ಯಾರೂ ಕೊಡಲಾರರು. ಆದರೆ ರಾಗಿ ಬೆಳೆಯದವರಿಗೆ ಈ ಲೆಕ್ಕ ಹೇಗೆ ತಿಳಿಯಬೇಕು?

ಆಮೇಲೆ ಫೋನು ನಿಲ್ಲಲಿಲ್ಲ. ಮಂಡ್ಯ, ಹಾಸನ, ಹುಬ್ಬಳ್ಳಿ, ಬೆಂಗಳೂರಿನ ಎಲ್ಲ ದಿಕ್ಕುಗಳಿಂದ. ಕೆಲವರು ಮರ್ಯಾದೆಯಿಂದ ಕೇಳಿದರು, ಕೆಲವರು ನನ್ನ ಹೆತ್ತವರನ್ನೂ ಬಿಡದೆ ಬೈದರು. ನಮ್ಮ ನಿಜವಾದ ಪುಟದ ಕೆಳಗೆ ‘ಮೋಸಗಾರರು, ನಂಬಬೇಡಿ’ ಎಂದು ಬರೆದರು. ಹಳೆಯ ಗಿರಾಕಿಗಳು ಅದನ್ನು ಓದಿ ಸುಮ್ಮನಾದರು, ಅದೇ ಹೆಚ್ಚು ನೋಯಿಸಿತು. ಒಬ್ಬರು ಮೈಸೂರಿನಿಂದ ಮನೆಗೇ ಬಂದು ಬೀದಿಯಲ್ಲಿ ನಿಂತು ಕೂಗಿದರು. ಅಕ್ಕಪಕ್ಕದವರು ಹೊರಬಂದು ನೋಡುತ್ತಿದ್ದರು. ಅಮ್ಮ ಅವರನ್ನು ಒಳಗೆ ಕರೆದು ಮಜ್ಜಿಗೆ ಕೊಟ್ಟು, ನಮ್ಮ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಎರಡನ್ನೂ ಮುಂದಿಟ್ಟರು. ಆತ ನೋಡಿ ತಲೆ ತಗ್ಗಿಸಿ ಹೋದರು. ಅಮ್ಮ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಎಲ್ಲಕ್ಕಿಂತ ಹೆದರಿಸಿದ್ದು ಒಂದು ಪ್ಯಾಕೆಟ್ಟು. ಆ ಕಳ್ಳರು ಸಾಮಾನ್ಯವಾಗಿ ಏನನ್ನೂ ಕಳಿಸುತ್ತಿರಲಿಲ್ಲ. ಒಬ್ಬ ತಾಯಿಗೆ ಮಾತ್ರ ಅದೇನೋ ಹಿಟ್ಟು ಬಂದಿತ್ತು, ನಮ್ಮ ಚೀಟಿಯ ನಕಲು ಅಂಟಿಸಿಕೊಂಡು. ಕಮಟು ವಾಸನೆ ಬಂತೆಂದು ಆಕೆ ಮಗುವಿಗೆ ಕೊಡದೆ ನನಗೆ ಫೋನ್ ಮಾಡಿ ಅತ್ತರು. ಆರು ತಿಂಗಳು ದಾಟಿದ ಕೂಸು. ಆಕೆ ಮೂಸಿ ನೋಡದೇ ಇದ್ದಿದ್ದರೆ? ದುಡ್ಡಿನ ಮೋಸಕ್ಕೂ ತಿನ್ನುವ ವಸ್ತುವಿನ ಮೋಸಕ್ಕೂ ಇರುವ ಅಂತರ ನನಗೆ ಅವತ್ತು ಮೈ ನಡುಗಿಸಿತು. ಮರುದಿನದಿಂದ ನಾನು ಬೇರೆ ಕೆಲಸವನ್ನೆಲ್ಲ ಬಿಟ್ಟೆ.

ಮೊದಲು ಆ ನಕಲಿ ಪುಟವಿದ್ದ ಜಾಲತಾಣಕ್ಕೇ ದೂರು ಕೊಟ್ಟೆ, ಪುಟದ ಮೂಲೆಯ ಮೂರು ಚುಕ್ಕಿ ಒತ್ತಿ. ಕೆಲವೇ ನಿಮಿಷಕ್ಕೆ ಉತ್ತರ ಬಂತು, ಈ ಪುಟ ನಮ್ಮ ನಿಯಮಗಳನ್ನು ಮೀರಿಲ್ಲ ಎಂದು. ಗಿರಾಕಿಗಳಿಂದಲೂ ದೂರು ಕೊಡಿಸಿದೆ. ಅದೇ ಉತ್ತರ. ಮನುಷ್ಯರು ಯಾರೂ ಅದನ್ನು ನೋಡಿಲ್ಲ ಎಂದು ಗೊತ್ತಾಗುತ್ತಿತ್ತು. ಒಂದು ಪೊಲೀಸ್ ಠಾಣೆಗೆ ಹೋದೆ. ‘ದುಡ್ಡು ಕಳೆದುಕೊಂಡವರು ಬಂದು ದೂರು ಕೊಡಲಿ. ನಿಮಗೇನೂ ನಷ್ಟ ಆಗಿಲ್ಲವಲ್ಲಮ್ಮ’ ಎಂದರು. ಹೆಸರು ಹೋದದ್ದು ನಷ್ಟವಲ್ಲವೇ ಎಂದು ಕೇಳಿದೆ. ಅಲ್ಲಿದ್ದವರಿಗೆ ನನ್ನ ಮಾತು ತಲುಪಲಿಲ್ಲ.

ದಾರಿ ತೋರಿಸಿದ್ದು ಮೈಸೂರಿನ ಒಬ್ಬ ವಕೀಲೆ, ನಮ್ಮ ಹಳೆಯ ಗಿರಾಕಿಯೇ. ಇನ್ನೊಬ್ಬರ ಗುರುತನ್ನು ಕದ್ದು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, ಇನ್ನೊಬ್ಬರ ಸೋಗು ಹಾಕಿ ಮೋಸ ಮಾಡುವುದು 66ಡಿ, ಎರಡಕ್ಕೂ ಮೂರು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷದವರೆಗೆ ದಂಡ ಇದೆ ಎಂದರು. ಗುರುತು ಕಳೆದುಕೊಂಡವಳು ನಾನು, ಆದ್ದರಿಂದ ದೂರುದಾರಳೂ ನಾನೇ ಆಗಬಹುದು. ಬಾಯಿಮಾತಿನಲ್ಲಿ ಹೇಳದೆ ಬರೆದು ಕೊಡಿ, ಸ್ವೀಕೃತಿ ಕೇಳಿ ಎಂದರು. ಹಾಗೇ ಮಾಡಿದೆ, ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲೂ ದಾಖಲಿಸಿದೆ.

ಜಾಲತಾಣದ ವಿಷಯಕ್ಕೆ ಅವರು ಹೇಳಿದ್ದು 2021ರ ಐಟಿ ನಿಯಮಗಳನ್ನು. ದೊಡ್ಡ ಜಾಲತಾಣಗಳು ಭಾರತದಲ್ಲಿ ವಾಸವಿರುವ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು, ಸಂಪರ್ಕ ಪ್ರಕಟಿಸಬೇಕು. ನಮ್ಮ ಸೋಗು ಹಾಕಿದ ಖಾತೆಯ ಬಗ್ಗೆ ನಾವೇ ಅವರಿಗೆ ದೂರು ಕೊಟ್ಟರೆ 24 ಗಂಟೆಯೊಳಗೆ ಕ್ರಮ ಆಗಬೇಕು ಎಂದು ಆಗ ನಿಯಮವಿತ್ತು. ಅಲ್ಲೂ ಆಗದಿದ್ದರೆ ಕೇಂದ್ರ ಸರ್ಕಾರ ಅದೇ 2023ರಲ್ಲಿ ರಚಿಸಿದ ಮೇಲ್ಮನವಿ ಸಮಿತಿಗೆ ಹೋಗಬಹುದಿತ್ತು. ಮೂರು ಚುಕ್ಕಿ ಒತ್ತುವುದಕ್ಕೂ ಈ ದೂರಿಗೂ ಅಜಗಜಾಂತರ ಎಂದು ತಿಳಿದದ್ದು ಆಗಲೇ.

ಫೋಟೊ ನನ್ನದೇ ಎನ್ನಲು ಸಾಕ್ಷಿ ಏನು? ಕಳ್ಳರು ಹಾಕಿದ್ದ ಒಂದು ಫೋಟೊದಲ್ಲಿ ರಾಗಿ ತುಂಬಿದ ಸ್ಟೀಲ್ ಕೊಳಗ ಅರ್ಧ ಕಾಣುತ್ತಿತ್ತು. ಅದು ಅಮ್ಮನ ಮದುವೆಗೆ ತವರಿನವರು ಕೊಟ್ಟದ್ದು, ಕಂಠದ ಸುತ್ತ ಅಮ್ಮನ ಹೆಸರು, ಊರು, ತಾರೀಖು ಕೊರೆಸಿದ್ದಾರೆ. ಕಳ್ಳರು ಕತ್ತರಿಸಿ ಹಾಕಿದ ಫೋಟೊದಲ್ಲಿ ಹೆಸರಿನ ಮೊದಲ ಎರಡು ಅಕ್ಷರ ಉಳಿದಿತ್ತು. ನನ್ನ ಫೋನಿನಲ್ಲಿದ್ದ ಮೂಲ ಫೋಟೊದಲ್ಲಿ ಪೂರ್ತಿ ಹೆಸರಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು, ಅಮ್ಮನ ಆಧಾರ್, ಉದ್ಯಮ್ ಪತ್ರ, ಎಫ್‌ಎಸ್‌ಎಸ್‌ಎಐ ನೋಂದಣಿ, ಪೊಲೀಸ್ ಸ್ವೀಕೃತಿ ಸೇರಿಸಿ ಆ ಅಧಿಕಾರಿಗೆ ಇಮೇಲ್ ಕಳಿಸಿದೆ. ಪುಟ ಹೋಯಿತು. ಮತ್ತೆ ಇನ್ನೊಂದು ಅಕ್ಷರ ಬದಲಿಸಿ ಬಂತು. ಅದೇ ಕಡತ ಮತ್ತೆ ಕಳಿಸಿದೆ, ಅದೂ ಹೋಯಿತು. ಹೀಗೆ ಆ ಚಳಿಗಾಲ ಕಳೆಯುವವರೆಗೆ ನಡೆಯಿತು.

ಈ ನಡುವೆ ಫೋನ್ ಮಾಡಿದ ಪ್ರತಿಯೊಬ್ಬರಿಗೂ ‘ಬೈಯುವುದಾದರೆ ಆಮೇಲೆ ಬೈಯಿರಿ, ಈಗಲೇ 1930ಕ್ಕೆ ಫೋನ್ ಮಾಡಿ’ ಎಂದೆ. ಅದು ಸೈಬರ್ ವಂಚನೆಯ ಸಹಾಯವಾಣಿ. ಹಣ ಇನ್ನೂ ಬ್ಯಾಂಕಿನಲ್ಲಿದ್ದರೆ ಆ ವ್ಯವಸ್ಥೆಯಿಂದ ಅದನ್ನು ತಡೆಹಿಡಿಯಬಹುದು. ದುಡ್ಡು ಹಾಕಿದ ದಿನವೇ ಅನುಮಾನ ಬಂದು ಫೋನ್ ಮಾಡಿದವರಲ್ಲಿ ಕೆಲವರ ಹಣ ನಿಂತಿತು, ತಡವಾಗಿಯಾದರೂ ವಾಪಸ್ ಬಂತು. ವಾರಗಟ್ಟಲೆ ಪಾರ್ಸೆಲ್ ಕಾದವರದ್ದು ಬರಲಿಲ್ಲ. ಹಣ ಸೇರಿದ ಖಾತೆ ಬೇರೆ ರಾಜ್ಯದ ಯಾರದ್ದೋ ಹೆಸರಿನಲ್ಲಿತ್ತು. ಇವತ್ತಿನವರೆಗೆ ಯಾರೂ ಸಿಕ್ಕಿಬಿದ್ದಿಲ್ಲ.

ವ್ಯಾಪಾರ ಮೊದಲಿನ ಮಟ್ಟಕ್ಕೆ ಬರಲು ಒಂದು ವರ್ಷದ ಮೇಲೆ ಹಿಡಿಯಿತು. ಕೆಲಸಕ್ಕೆ ಬಂದಿದ್ದ ಸಂಘದ ಇಬ್ಬರಲ್ಲಿ ಒಬ್ಬರನ್ನು ಉಳಿಸಿಕೊಳ್ಳಲು ಆಗಲಿಲ್ಲ. ಆಕೆ ಮತ್ತೆ ಶುಂಠಿ ಹೊಲದ ಕೂಲಿಗೆ ಹೋಗುತ್ತಿದ್ದಾರೆ. ಕಳ್ಳರು ನನ್ನಿಂದ ಕಿತ್ತುಕೊಂಡದ್ದರಲ್ಲಿ ಇದನ್ನು ನಾನು ಮೊದಲು ಲೆಕ್ಕ ಹಾಕುತ್ತೇನೆ.

ಈಗ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದೇವೆ. ಹಿಟ್ಟು, ಧಾನ್ಯದ ತಿನಿಸುಗಳು 30ನೇ ವರ್ಗಕ್ಕೆ ಬರುತ್ತವೆ. ಒಬ್ಬ ವ್ಯಕ್ತಿಯ ಅಥವಾ ಸಣ್ಣ ಉದ್ದಿಮೆಯ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ ಶುಲ್ಕ 4,500 ರೂಪಾಯಿ. ನಮ್ಮ ರಾಜ್ಯದ ಅರ್ಜಿಗಳನ್ನು ನೋಡುವ ಕಚೇರಿ ಚೆನ್ನೈನಲ್ಲಿದೆ. ಸಣ್ಣವರಿಗೆ ಆ ಮೊತ್ತ ದೊಡ್ಡದೇ. ಆದರೂ ಜಾಹೀರಾತಿಗೆ ಖರ್ಚು ಮಾಡುವ ಮೊದಲ ದುಡ್ಡನ್ನು ಇದಕ್ಕೆ ಹಾಕಿ ಎಂದು ಹೊಸದಾಗಿ ಶುರು ಮಾಡುವ ಅಕ್ಕತಂಗಿಯರನ್ನು ಕೇಳಿಕೊಳ್ಳುತ್ತೇನೆ. ಮೂಲ ಫೋಟೊ, ವಿಡಿಯೊಗಳನ್ನು ಅಳಿಸಬೇಡಿ. ಹೊಸ ಫೋನ್ ಕೊಂಡರೂ ಹಳೆಯದರಲ್ಲಿದ್ದದ್ದನ್ನು ಎತ್ತಿಡಿ.

ಕೊಳ್ಳುವವರಲ್ಲೂ ಒಂದು ಬೇಡಿಕೆ. ಹೊಸ ಪುಟದಲ್ಲಿ ದುಡ್ಡು ಹಾಕುವ ಮೊದಲು ಅಲ್ಲಿರುವ ನಂಬರಿಗೆ ಫೋನ್ ಮಾಡಿ ಎರಡು ಮಾತಾಡಿ. ರಾಗಿಗೆ ನೀರು ಹೇಗೆ ಚಿಮುಕಿಸುತ್ತೀರಿ ಎಂದು ಕೇಳಿ, ಮಾಡುವವರು ಸಂತೋಷದಿಂದ ಹೇಳುತ್ತಾರೆ. ಪ್ಯಾಕೆಟ್ಟಿನ ಮೇಲಿರುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಕೇಳಿ. ಯುಪಿಐನಲ್ಲಿ ದುಡ್ಡು ಕಳಿಸುವಾಗ ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕೆಂದು 2025ರ ಜೂನ್ ಅಂತ್ಯದಿಂದ ನಿಯಮವಾಗಿದೆ. ಗುಂಡಿ ಒತ್ತುವ ಮೊದಲು ಆ ಹೆಸರು ಓದಿ. ಮಾರುವವರ ಹೆಸರಿಗೂ ಅದಕ್ಕೂ ಸಂಬಂಧವಿಲ್ಲದಿದ್ದರೆ ಅಲ್ಲೇ ನಿಲ್ಲಿಸಿ. ಮೋಸ ಹೋದೆವೆಂದು ತಿಳಿದರೆ ನಾಚಿಕೆಪಟ್ಟು ಕೂರಬೇಡಿ. ಮೊದಲು 1930ಕ್ಕೆ ಫೋನ್ ಮಾಡಿ, ಆಮೇಲೆ ಯಾರ ಹೆಸರಿನಲ್ಲಿ ಮೋಸವಾಯಿತೋ ಅವರಿಗೂ ಒಂದು ಫೋನ್ ಮಾಡಿ ತಿಳಿಸಿ.