ಹೇಳುವ ಬಾಡಿಗೆ, ಕೊಡುವ ಬಾಡಿಗೆ

ಲೋಕದಲ್ಲಿ ಪ್ರತಿಯೊಂದು ವಸ್ತುವಿಗೂ ಎರಡು ಬೆಲೆಗಳುಂಟು. ಅಂಗಡಿಯವನು ಹೇಳುವ ಬೆಲೆ ಒಂದು. ನಾವು ಕೊಟ್ಟು ಎದ್ದು ಬರುವ ಬೆಲೆ ಇನ್ನೊಂದು. ನಮ್ಮ ನಾಡಿನಲ್ಲಿ ಹೇಳುವ ಬೆಲೆ ಹೆಚ್ಚು, ಕೊಡುವ ಬೆಲೆ ಕಡಿಮೆ. ಇವೆರಡರ ನಡುವಣ ವ್ಯವಹಾರಕ್ಕೆ ಚೌಕಾಸಿ ಎಂದು ಹೆಸರು. ಯೂರೋಪಿನ ಬಾಡಿಗೆ ಕಾರಿನ ವ್ಯಾಪಾರದಲ್ಲಿ ಈ ನಿಯಮ ತಲೆಕೆಳಗಾಗಿದೆ. ಅಲ್ಲಿ ಹೇಳುವ ಬೆಲೆ ಕಡಿಮೆ, ಕೊಡುವ ಬೆಲೆ ಹೆಚ್ಚು. ಇವೆರಡರ ನಡುವಣ ವ್ಯವಹಾರಕ್ಕೆ ಇನ್ನೂ ಯಾರೂ ಮರ್ಯಾದೆಯ ಹೆಸರನ್ನಿಟ್ಟಿಲ್ಲ.

ನಾನು ಹುಡುಗನಾಗಿದ್ದಾಗ ಮೈಸೂರಿನ ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾಗಳು ಸಾಲಾಗಿ ನಿಂತಿರುತ್ತಿದ್ದವು. ನಮ್ಮ ತಂದೆಯವರು ಕೃಷ್ಣಮೂರ್ತಿಪುರಕ್ಕೆ ಎಷ್ಟೆಂದು ಕೇಳುವರು. ಗಾಡಿಯವನು ಎರಡು ರೂಪಾಯಿ ಎನ್ನುವನು. ತಂದೆಯವರು ನಾಲ್ಕು ಹೆಜ್ಜೆ ಮುಂದೆ ನಡೆಯುವರು. ಗಾಡಿಯವನು ಕೂಗಿ ಕರೆಯುವನು. ಒಂದೂಕಾಲು ರೂಪಾಯಿಗೆ ಇತ್ಯರ್ಥವಾಗುವುದು. ಮನೆ ಮುಟ್ಟಿದ ಮೇಲೆ ಅವನು ತಲೆ ಕೆರೆದುಕೊಂಡು, "ಕುದುರೆಗೆ ಹುಲ್ಲಿಗೇನಾದ್ರೂ ಕೊಡಿ ಸ್ವಾಮಿ" ಎನ್ನುವನು. ತಂದೆಯವರು ಗೊಣಗುತ್ತಲೇ ನಾಲ್ಕಾಣೆ ಕೊಡುವರು. ಅದೂ ಮೇಲುಖರ್ಚೇ ಸರಿ. ಆದರೆ ಗುಟ್ಟಿನದಲ್ಲ. ಕುದುರೆ ಎದುರಿಗೇ ನಿಂತಿರುತ್ತಿತ್ತು. ಅದರ ಹಸಿವು ಪಕ್ಕೆಲುಬಿನಲ್ಲಿ ಎದ್ದು ಕಾಣುತ್ತಿತ್ತು.

ಈ ಮಾತೆಲ್ಲ ನೆನಪಾದದ್ದು 2024ರಲ್ಲಿ ನಾವು ಇಟಲಿಗೆ ಹೊರಟಾಗ. ನನ್ನಾಕೆ 31 ವರ್ಷ ಹೈಸ್ಕೂಲಿನಲ್ಲಿ ಚರಿತ್ರೆಯ ಪಾಠ ಹೇಳಿದವಳು. ವರ್ಷ ವರ್ಷವೂ ಯೂರೋಪಿನ ನವೋದಯದ ಪಾಠ ಬಂದಾಗ ಗೋಡೆಯ ನಕ್ಷೆಯಲ್ಲಿ ಫ್ಲಾರೆನ್ಸಿನ ಮೇಲೆ ಬೆತ್ತದ ತುದಿಯನ್ನಿಟ್ಟು, ತಾನು ಕಾಣದ ಊರನ್ನು ಕಂಡವಳಂತೆ ವರ್ಣಿಸಿದವಳು. ನಿವೃತ್ತಿಯಾದ ಮೇಲೆ ಒಂದು ದಿನ, "ರೀ, ಆ ಊರನ್ನ ಒಂದ್ಸಲ ನೋಡಿಬಿಡೋಣ" ಎಂದಳು. ಪಿಂಚಣಿಯವರ ಸಂಸಾರದಲ್ಲಿ ಇಂಥ ಪ್ರಯಾಣ ಒಮ್ಮೆಯೇ ಆಗುವುದು. ಮಗಳು, ಅಳಿಯ ಜೊತೆಯಾದರು. ಪೀಸಾ, ಲುಕ್ಕಾ, ಸಿಯೇನಾ, ನಡುವೆ ಗುಡ್ಡದ ಮೇಲಣ ಹಳ್ಳಿಗಳು. ರೈಲು ಎಲ್ಲ ಕಡೆಗೂ ಹೋಗದು. ಆರು ದಿನಕ್ಕೆ ಕಾರು ಹಿಡಿಯುವುದೆಂದು ತೀರ್ಮಾನವಾಯಿತು. ಅಕೌಂಟ್ಸ್ ಆಫೀಸಿನಲ್ಲಿ ತಲೆ ನರೆಸಿಕೊಂಡವನೆಂದು ಲೆಕ್ಕದ ಹೊಣೆ ನನ್ನ ಪಾಲಿಗೆ ಬಿತ್ತು.

ಮೊದಲು ಕಣ್ಣಿಗೆ ಬಿದ್ದ ದರ ದಿನಕ್ಕೆ 22 ಯೂರೋ. ಬೆಂಗಳೂರಿನಿಂದ ಮೈಸೂರಿಗೆ ಟ್ಯಾಕ್ಸಿಯಲ್ಲಿ ಹೋದರೂ ಇದಕ್ಕಿಂತ ಹೆಚ್ಚು ಬೀಳುತ್ತದೆ. ಇಷ್ಟು ಅಗ್ಗವೆಂದರೆ ಇದರ ಕುದುರೆಗೆ ಹುಲ್ಲು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ನನ್ನಲ್ಲಿ ಎದ್ದಿತು. ಸಣ್ಣ ಅಕ್ಷರದ ಷರತ್ತುಗಳನ್ನೆಲ್ಲ ಕಾಗದದ ಮೇಲೆ ಇಳಿಸಿ, ಕನ್ನಡಕ ಒರೆಸಿಕೊಂಡು ಓದಲು ಕುಳಿತೆ.

ಹುಲ್ಲು ಅಲ್ಲಿತ್ತು. ಆರು ದಿನದ ಬಾಡಿಗೆ 132. ಅಳಿಯನೂ ಚಕ್ರ ಹಿಡಿಯುವುದಾದರೆ ಎರಡನೆಯ ಚಾಲಕನೆಂದು ದಿನಕ್ಕೆ 8, ಒಟ್ಟು 48. ಪೆಟ್ರೋಲು ತುಂಬಿದ ಟ್ಯಾಂಕನ್ನು ಅವರ ಬೆಲೆಗೆ ಮುಂಗಡವಾಗಿ ಕೊಳ್ಳಬೇಕು, 110. ಮಿಕ್ಕ ಪೆಟ್ರೋಲಿಗೆ ಹಣ ವಾಪಸಿಲ್ಲ. ವಿಮೆ ಉಂಟು, ಆದರೆ ಏನಾದರೂ ಹಾನಿಯಾದರೆ ಮೊದಲ 1500 ಯೂರೋ ನಮ್ಮದೇ ಹೊಣೆ. ಆ ಹೊಣೆ ತಪ್ಪಬೇಕೆಂದರೆ ಕೌಂಟರಿನಲ್ಲಿ ದಿನಕ್ಕೆ 25 ಕೊಡಬೇಕು, 150. ಕೂಡಿಸಿದರೆ 440 ಯೂರೋ! ಇನ್ನೊಂದು ಸಂಸ್ಥೆಯ ದರ ದಿನಕ್ಕೆ 46 ಎಂದು ಮೊದಲೇ ಪಕ್ಕಕ್ಕೆ ಸರಿಸಿದ್ದೆವು. ಅದರಲ್ಲಿ ಎರಡನೆಯ ಚಾಲಕನೂ ಪೂರ್ಣ ವಿಮೆಯೂ ಸೇರಿದ್ದವು. ತುಂಬಿದ ಟ್ಯಾಂಕು ಪಡೆದು ತುಂಬಿಸಿ ಹಿಂದಿರುಗಿಸಿದರಾಯಿತು. ಬಾಡಿಗೆ 276, ಪೆಟ್ರೋಲಿಗೆ ಅಂದಾಜು 70, ಒಟ್ಟು 346. ಅಗ್ಗದ ಕಾರು ದುಬಾರಿ ಕಾರಿಗಿಂತ 94 ಯೂರೋ ದುಬಾರಿ! ಎರಡನೆಯದನ್ನೇ ಗೊತ್ತುಮಾಡಿದೆ.

ಹೊರಡುವ ಮುನ್ನ ಮಾಡಬೇಕಾದ ಕೆಲಸ ಇನ್ನೂ ಎರಡು. ನಮ್ಮ ಲೈಸೆನ್ಸಿನ ಜೊತೆಗೆ ಇಟಲಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರ್ಮಿಟ್ಟು ಬೇಕು. ಅದನ್ನು ಕೊಡುವುದು ಇಲ್ಲಿಯ ಆರ್‌ಟಿಓ ಕಚೇರಿ, ಅವಧಿ ಒಂದು ವರ್ಷ. ಎರಡನೆಯದು ಕ್ರೆಡಿಟ್ ಕಾರ್ಡು. ಅದು ಮುಖ್ಯ ಚಾಲಕನ ಹೆಸರಿನಲ್ಲೇ ಇರಬೇಕು. ಡೆಬಿಟ್ ಕಾರ್ಡನ್ನು ಹಲವರು ಒಪ್ಪುವುದಿಲ್ಲ. ಠೇವಣಿಯೆಂದು ದೊಡ್ಡ ಮೊತ್ತವೊಂದನ್ನು ಅದರಲ್ಲಿ ಹಿಡಿದಿಡುತ್ತಾರಾದ್ದರಿಂದ ಅಷ್ಟಕ್ಕೆ ಕಾರ್ಡಿನಲ್ಲಿ ಅವಕಾಶವಿರಬೇಕು. 2020ರ ಅಕ್ಟೋಬರಿನಿಂದ ನಮ್ಮ ಬ್ಯಾಂಕುಗಳು ಕೊಡುವ ಹೊಸ ಕಾರ್ಡು ನಾವು ಅನುಮತಿ ಕೊಡದೆ ಹೊರದೇಶದಲ್ಲಿ ನಡೆಯುವುದಿಲ್ಲ, ಅದನ್ನೂ ನೋಡಿಕೊಳ್ಳಬೇಕು.

ಪೀಸಾದ ಕೌಂಟರಿನಲ್ಲಿದ್ದ ಹುಡುಗಿ ನಮ್ಮ ಮಗಳಿಗಿಂತ ಚಿಕ್ಕವಳು. ನಮ್ಮ ಕಾಗದಗಳನ್ನು ನೋಡಿ, ಟೈರಿಗೆ, ಗಾಜಿಗೆ, ಕಾರಿನ ತಳಕ್ಕೆ ಪ್ರತ್ಯೇಕ ರಕ್ಷಣೆ ತೆಗೆದುಕೊಳ್ಳಿ ಎಂದಳು. ಇಲ್ಲಿಯ ರಸ್ತೆಗಳು ಇಕ್ಕಟ್ಟು, ಗೋಡೆಗಳು ಕಲ್ಲಿನವು ಎಂದು ಹೆದರಿಸಿದಳು. ನಮ್ಮ ವಿಮೆಯಲ್ಲಿ ಇವೂ ಸೇರಿವೆಯೆಂದು ಬರೆದಿದ್ದ ಪುಟವನ್ನು ಮುಂದೆ ಹಿಡಿದೆ. ಅವಳು ಓದಿದಳು, ಸಣ್ಣಗೆ ನಕ್ಕಳು. ಹಣವನ್ನು ರೂಪಾಯಿಯ ಲೆಕ್ಕದಲ್ಲಿ ಮುರಿಯಲೇ ಎಂದು ಯಂತ್ರ ಕೇಳಿತು. ಈ ಉಪಚಾರದಲ್ಲಿ ವಿನಿಮಯದ ದರವನ್ನು ಕಟ್ಟುವವರು ಅವರು. ಯೂರೋದಲ್ಲೇ ಇರಲಿ ಎಂದೆ. ಅಳಿಯ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, ಒಂದೊಂದು ಗೀರಿನ ಫೋಟೋ ತೆಗೆದು, ಕಾಗದದಲ್ಲಿ ಕಾಣಿಸದಿದ್ದ ಎರಡು ಗೀರುಗಳನ್ನು ಅವಳಿಂದಲೇ ಬರೆಸಿದ.

ಬಾಡಿಗೆಯವರ ಕೈ ದಾಟಿದರೂ ಊರಿನ ಕೈ ಉಂಟು. ಇಟಲಿಯ ಹಳೆಯ ಪೇಟೆಗಳಲ್ಲಿ ಹೊರಗಿನ ವಾಹನಗಳಿಗೆ ನಿಷೇಧವಿರುವ ವಲಯಗಳಿವೆ. ಅಲ್ಲಿಯವರು ಅದನ್ನು 'ಝಡ್‌ಟಿಎಲ್' ಎನ್ನುತ್ತಾರೆ. ಅಡ್ಡಗಟ್ಟೆಯಿಲ್ಲ, ಪೋಲೀಸಿನವನಿಲ್ಲ, ಕಂಬದ ಮೇಲೊಂದು ಕ್ಯಾಮರಾ. ಪಕ್ಕದ ಫಲಕದಲ್ಲಿ 'ವಾರ್ಕೊ ಅತ್ತಿವೊ' ಎಂದು ಹೊಳೆಯುತ್ತದೆ. ದಾರಿ ತೆರೆದಿದೆ ಎಂದು ಪರಸ್ಥಳದವನು ಅರ್ಥಮಾಡಿಕೊಳ್ಳುತ್ತಾನೆ. ನಿಷೇಧ ಜಾರಿಯಲ್ಲಿದೆ ಎಂಬುದು ಅದರ ಅರ್ಥ. ದಂಡದ ಕಾಗದ ತಿಂಗಳುಗಳ ಮೇಲೆ ಮನೆಗೆ ಬರುತ್ತದೆ. ಅದಕ್ಕೂ ಮೊದಲು, ನಿಮ್ಮ ಹೆಸರು ವಿಳಾಸಗಳನ್ನು ಸರ್ಕಾರಕ್ಕೆ ತಿಳಿಸಿದ ಶ್ರಮಕ್ಕೆಂದು ಬಾಡಿಗೆಯವರು ತಮ್ಮ ಶುಲ್ಕವನ್ನು ಕಾರ್ಡಿನಿಂದ ತೆಗೆದುಕೊಂಡಿರುತ್ತಾರೆ. ದಂಡ ಬೇರೆ, ಇದು ಬೇರೆ. ಆದ್ದರಿಂದ ನಾವು ಫ್ಲಾರೆನ್ಸಿನೊಳಕ್ಕೆ ಕಾರು ಒಯ್ಯಲಿಲ್ಲ. ಹೆದ್ದಾರಿಯ ಪಕ್ಕದಲ್ಲೇ ವಿಲ್ಲಾ ಕೊಸ್ತಾಂಜಾ ಎಂಬ ಕಾರು ನಿಲ್ದಾಣವುಂಟು. ಅಲ್ಲಿ ನಿಲ್ಲಿಸಿ ಟ್ರಾಮು ಹಿಡಿದೆವು. ಪೆಟ್ರೋಲು ಬಂಕಿನಲ್ಲಿಯೂ ಎರಡು ದರ: ಆಳು ಬಂದು ಹಾಕಿದರೆ ಹೆಚ್ಚು, ನಾವೇ ಹಾಕಿಕೊಂಡರೆ ಕಡಿಮೆ. ರಸ್ತೆಯಂಚಿನ ನೀಲಿ ಗೆರೆಯೊಳಗೆ ನಿಲ್ಲಿಸಲು ಕಾಸು, ಬಿಳಿಯದಕ್ಕೆ ಇಲ್ಲ, ಹಳದಿ ನಮ್ಮದಲ್ಲ.

ಇಷ್ಟು ಎಚ್ಚರಿಕೆ ಹೇಳಿದ ಮೇಲೆ ಆ ಹುಡುಗಿಯನ್ನು ಕಳ್ಳಿಯೆಂದು ವಾಚಕರು ತಿಳಿದಾರು. ನನಗೆ ಹಾಗೆನಿಸಲಿಲ್ಲ. ಹೆಚ್ಚಿನ ರಕ್ಷಣೆ ಮಾರಿದಷ್ಟೂ ನೌಕರರಿಗೆ ಪ್ರೋತ್ಸಾಹಧನ ಕೊಡುವುದು ಈ ವ್ಯಾಪಾರದಲ್ಲಿ ವಾಡಿಕೆ. 22 ಯೂರೋದಲ್ಲಿ ಕಾರೂ ಸಾಕದು, ಸಂಬಳವೂ ಸಾಕದು. ಆದರೂ ಆ ಅಂಕಿಯನ್ನು ಬರೆಯುವುದೇಕೆ? ಗಿರಾಕಿ ಮೊದಲ ಸಾಲನ್ನು ಮಾತ್ರ ಓದುತ್ತಾನೆ ಎಂಬ ನಂಬಿಕೆಯಿಂದ. 46 ಎಂದು ನಿಜ ಹೇಳಿದವನು ಪಟ್ಟಿಯ ಕೆಳಗೆ ಕುಳಿತು ನೊಣ ಹೊಡೆಯುತ್ತಾನೆ. ನಿಜ ಹೇಳುವುದು ನಷ್ಟವೆಂದು ಕಲಿತು ನಾಳೆ ಅವನೂ 22 ಎಂದೇ ಬರೆಯುತ್ತಾನೆ. 2015ರಲ್ಲಿ ಐರೋಪ್ಯ ಅಧಿಕಾರಿಗಳು ಐದು ದೊಡ್ಡ ಸಂಸ್ಥೆಗಳಿಂದ, ದರವನ್ನೂ ವಿಮೆಯನ್ನೂ ಸ್ಪಷ್ಟವಾಗಿ ತಿಳಿಸುತ್ತೇವೆಂದು ಮಾತು ತೆಗೆದುಕೊಂಡರು. ಒಳ್ಳೆಯದೇ. ಆದರೆ ಷರತ್ತುಗಳನ್ನು ಓದುವ ಕೆಲಸವನ್ನು ಯಾವ ಅಧಿಕಾರಿಯೂ ನಮ್ಮ ಪರವಾಗಿ ಮಾಡಲಾರ. ಓದಿದವನಿಗೆ ಹಣ ಉಳಿಯುವುದಷ್ಟೇ ಅಲ್ಲ, ಪಟ್ಟಿಯ ಕೆಳಗೆ ಕುಳಿತ ಪ್ರಾಮಾಣಿಕನಿಗೂ ಒಂದು ಬೋಣಿಯಾಗುತ್ತದೆ.

ಫ್ಲಾರೆನ್ಸಿನ ದೊಡ್ಡ ಗುಡಿಯ ಮುಂದೆ ನನ್ನಾಕೆ ಬಹಳ ಹೊತ್ತು ನಿಂತಳು. 1436ರಲ್ಲಿ ಬ್ರುನೆಲೆಸ್ಕಿ ಮುಗಿಸಿದ ಗುಮ್ಮಟವನ್ನು ಬೆತ್ತವಿಲ್ಲದ ಕೈಯಿಂದ ಮೊಮ್ಮಗುವಿಗೆ ತೋರಿಸುವಂತೆ ನಮಗೆಲ್ಲ ತೋರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಜಮಾ ಖರ್ಚು ಎರಡೂ ಕಡೆ ಬರೆಯೋ ಲೆಕ್ಕದ ವಿವರ 1494ರಲ್ಲಿ ಅಚ್ಚು ಹಾಕಿಸಿದ ಪಚೋಲಿ ಇದೇ ಸೀಮೆಯವನು ಕಣ್ರೀ" ಎಂದಳು. ಆ ದಿನ ಮಾತ್ರ ಯಾವ ಲೆಕ್ಕವೂ ನನ್ನ ತಲೆಯಲ್ಲಿರಲಿಲ್ಲ. ಲೆಕ್ಕವನ್ನೆಲ್ಲ ಮನೆಯಲ್ಲೇ ಮುಗಿಸಿ ಬಂದದ್ದು ಅದಕ್ಕಾಗಿಯೇ.