ಸಮಾಳದ ಬೀದಿಯಲ್ಲಿ ಹೆವಿ ಮೆಟಲ್

ಕೂಡ್ಲಿಗಿಯ ಬಸ್ ನಿಲ್ದಾಣದ ಮುಂದೆ ಶುರುವಾದ ಹಾಡು ಕೊಟ್ಟೂರಿನ ದಾರಿಯಲ್ಲಿ ಹತ್ತು ಕಿಲೋಮೀಟರ್ ಸರಿದರೂ ಮುಗಿದಿರಲಿಲ್ಲ. ಕೋಲರಿಜ್ ಕವಿಯ ಮುದಿ ನಾವಿಕನ ಕಥನಕಾವ್ಯವನ್ನು ಎತ್ತಿಕೊಂಡು ಐರನ್ ಮೇಡನ್ ತಂಡ 1984ರಲ್ಲಿ ಕಟ್ಟಿದ, ಹದಿಮೂರು ನಿಮಿಷ ಮೀರುವ ಹಾಡು ಅದು. ಗಿಟಾರುಗಳು ಓಡುತ್ತವೆ, ನಡುದಾರಿಯಲ್ಲಿ ಗಾಳಿ ಬಿದ್ದುಹೋಗಿ ಹಡಗಿನ ಮರ ಕಿರುಗುಟ್ಟುವುದಷ್ಟೇ ಕೇಳುತ್ತದೆ, ಆಮೇಲೆ ಮತ್ತೆ ಓಟ. ಕಾರು ಓಡಿಸುತ್ತಿದ್ದವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ ಎಂದು ಮನೆಯವರು ಹೇಳುತ್ತಾರೆ, ಡ್ರಮ್ಸ್ ಬಾರಿಸುತ್ತೇನೆ ಎಂದು ಅವನು ಹೇಳುತ್ತಾನೆ.

“ಇದು ಹೆವಿ ಮೆಟಲ್ ಮಾವ. ಇದನ್ನ ಪ್ರೋಗ್ರೆಸಿವ್ ರಾಕ್ ಅಂದ್ರೆ ನಮ್ಮ ಬ್ಯಾಂಡಿನವರು ನಗ್ತಾರೆ” ಎಂದ.

ನಗಲಿ ಬಿಡಿ. ಈ ಜಗಳಕ್ಕೆ ಅವನಿಗಿಂತ ಹೆಚ್ಚು ವಯಸ್ಸು. ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಂ ಬಂದದ್ದು 1969ರ ಅಕ್ಟೋಬರಿನಲ್ಲಿ. ಪ್ರೋಗ್ರೆಸಿವ್ ರಾಕ್ ಎನ್ನುವವರು ಹೆಚ್ಚಾಗಿ ಅಲ್ಲಿಂದಲೇ ಲೆಕ್ಕ ಹಿಡಿಯುತ್ತಾರೆ: ಘಟ್ಟದಿಂದ ಘಟ್ಟಕ್ಕೆ ಬದಲಾಗುವ ಉದ್ದದ ಹಾಡು, ನಾಲ್ಕರ ಎಣಿಕೆಗೆ ಸಿಗದ ತಾಳ, ಇಡೀ ತಟ್ಟೆಗೆ ಒಂದೇ ಕಥೆ. ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ 1970ರ ಫೆಬ್ರವರಿಯದು. ಹೆವಿ ಮೆಟಲ್ ಅಲ್ಲಿಂದ. ನಡುವೆ ಇರುವುದು ನಾಲ್ಕೇ ತಿಂಗಳು. ಸಬ್ಬತ್‌ನ ಗಿಟಾರಿಗ ಟೋನಿ ಅಯೋಮಿ ಹದಿನೇಳರ ಹುಡುಗನಾಗಿದ್ದಾಗ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ನೋವಾಗದಿರಲೆಂದು ಮುಂದೆ ತಂತಿಗಳ ಬಿಗಿ ಸಡಿಲಿಸಿದ. ಶ್ರುತಿ ಕೆಳಗಿಳಿಯಿತು, ಸದ್ದಿಗೆ ತೂಕ ಬಂತು. ಇದೇ ಅಯೋಮಿ 1968ರ ಡಿಸೆಂಬರಿನಲ್ಲಿ ರೋಲಿಂಗ್ ಸ್ಟೋನ್ಸ್‌ನವರ ಚಿತ್ರೀಕರಣವೊಂದರಲ್ಲಿ ಜೆಥ್ರೋ ಟಲ್ ತಂಡದ ಜೊತೆ ನಿಂತಿದ್ದ. 1973ರಲ್ಲಿ ಸಬ್ಬತ್‌ನ ಹಾಡೊಂದಕ್ಕೆ ಕೀಬೋರ್ಡ್ ನುಡಿಸಿದವನು ಪ್ರೋಗ್ರೆಸಿವ್ ಪಾಳೆಯದ ಯೆಸ್ ತಂಡದ ರಿಕ್ ವೇಕ್‌ಮನ್. ಮನೆ ಬೇರೆಯಾದರೂ ಅಂಗಳ ಒಂದೇ ಇತ್ತು ಎಂದೆ. ಅಳಿಯ ಒಪ್ಪಲಿಲ್ಲ, ವಾಲ್ಯೂಮ್ ಏರಿಸಿದ.

ಕೊಟ್ಟೂರು ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಗುರುಬಸವೇಶ್ವರರ ತೇರಿಗೆ ಇನ್ನೂ ದಿನಗಳಿದ್ದವು. ಮಿರ್ಚಿ ಮಂಡಕ್ಕಿ ತಿನ್ನುತ್ತಾ ಕೂತಿದ್ದಾಗ ಪಕ್ಕದ ಓಣಿಯಿಂದ ಬಂದ ಪೆಟ್ಟು ಮೊದಲು ಬೆಂಚಿನ ಹಲಗೆಗೆ ತಾಗಿತು, ಆಮೇಲೆ ಕಿವಿಗೆ. ಅಳಿಯ ಪೊಟ್ಟಣ ಕೈಯಲ್ಲಿ ಹಿಡಿದೇ ಎದ್ದು ಓಡಿದ.

ಸಮಾಳದವರು ತಾಲೀಮು ನಡೆಸಿದ್ದರು. ಹೆಗಲಿಂದ ಹೊಟ್ಟೆಗೆ ಇಳಿಬಿಟ್ಟ ವಾದ್ಯ, ಒಂದು ಮುಖಕ್ಕೆ ಕೋಲು, ಇನ್ನೊಂದಕ್ಕೆ ಕೈ. ಮೊದಲು ನಿಧಾನದ ಹೆಜ್ಜೆ, ಊರಿನವರೆಲ್ಲ ಜೊತೆಗೆ ನಡೆಯಬಹುದಾದಷ್ಟು ನಿಧಾನ. ಮುಂದಾಳು ಹುಬ್ಬು ಹಾರಿಸಿದ್ದೇ ಎಲ್ಲರ ಮೊಣಕಾಲೂ ಒಟ್ಟಿಗೆ ಬಾಗಿ, ಪೆಟ್ಟು ಇಮ್ಮಡಿಯಾಯಿತು. ಮತ್ತೆ ಹುಬ್ಬು, ಈ ಸಲ ಕೋಲು ನಿಂತು ಕೈ ಮಾತ್ರ ಉಳಿಯಿತು, ಚರ್ಮದೊಳಗಿಂದ ಬರುವ ಗುಂಯ್‌ಗುಡುವಿಕೆ. ಒಬ್ಬ ನಂದಿಕೋಲು ಎತ್ತಿಕೊಂಡು ನಡುವೆ ಬಂದ. ಹಿತ್ತಾಳೆಯ ಗೆಜ್ಜೆ, ಬಿಲ್ಲೆಗಳೆಲ್ಲ ಒಮ್ಮೆಲೇ ನಡುಗಿದ ಸದ್ದು ಮೇಲಿನಿಂದ ಬಿತ್ತು, ಸಮಾಳದ್ದು ಕೆಳಗಿನಿಂದ ಏರಿತು. ನಾನು ಗೋಡೆಗೊರಗಿ ನಿಂತೆ. ಬೆನ್ನಿಗೆ ತಾಗಿದ ಕಲ್ಲೂ ಮಿಡಿಯುತ್ತಿತ್ತು. 2007ರ ಮಾರ್ಚಿನಲ್ಲಿ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಸಾವಿರಾರು ಜನರ ನಡುವೆ ನಿಂತು ಕೇಳಿದವನು ನಾನು. ಅಲ್ಲಿ ಆಳೆತ್ತರದ ಸ್ಪೀಕರುಗಳಿದ್ದವು. ಇಲ್ಲಿ ಒಂದು ವೈರೂ ಇರಲಿಲ್ಲ.

ಅಳಿಯ ಎಣಿಸಲು ನೋಡಿದ, ತಪ್ಪಿತು. ಹಿರಿಯರೊಬ್ಬರು ನಕ್ಕರು. “ಲೆಕ್ಕ ಬಾಯಾಗ ಹಾಕಬ್ಯಾಡ ತಮ್ಮ, ಕಾಲಾಗ ಹಾಕು. ತೇರು ನಿಂತಾಗ ಒಂದು ನಡಿ, ಹೊಂಟಾಗ ಒಂದು ನಡಿ. ಗುಡಿ ಮುಂದ ಬಂದಾಗ ಅದಾ ಬ್ಯಾರೆ.”

ಅಂದರೆ ಈ ಬಾರಿಸುವಿಕೆಗೆ ದಾರಿಯಿದೆ. ಹೊರಡುವುದು ಒಂದು ಕಡೆಯಿಂದ, ಮುಟ್ಟುವುದು ಇನ್ನೊಂದು ಕಡೆಗೆ. ಅಳಿಯನ ತಕರಾರಿಗೆ ನನ್ನ ಉತ್ತರ ಅಲ್ಲೇ, ಆ ಓಣಿಯಲ್ಲೇ ಗಟ್ಟಿಯಾಯಿತು: ಸದ್ದಿನ ತೂಕ ಒಂದು ಪ್ರಶ್ನೆ, ಹಾಡಿನ ನಡೆ ಇನ್ನೊಂದು. ತೂಕವಿದ್ದ ಮಾತ್ರಕ್ಕೆ ನಡೆ ಕೆಡಬೇಕಿಲ್ಲ, ನಡೆಯಿದ್ದ ಮಾತ್ರಕ್ಕೆ ತೂಕ ಇಳಿಯಬೇಕಿಲ್ಲ. ಹುರುಪಿನಲ್ಲಿ ಆರಂಭವಾಗಿ ಅದೇ ಹುರುಪಿನಲ್ಲಿ ಮೂರು ನಿಮಿಷಕ್ಕೆ ಮುಗಿಯುವ ಮೆಟಲ್ ಹಾಡು ಎಷ್ಟೇ ಚೆನ್ನಾಗಿದ್ದರೂ ಪ್ರೋಗ್ರೆಸಿವ್ ಅಲ್ಲ. ನನಗೂ ಅಂಥವು ಬೇಕು, ಆ ಮಾತು ಬೇರೆ. ಮೆಟಾಲಿಕಾದ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಎಂಟೂವರೆ ನಿಮಿಷದಲ್ಲಿ ಎಲ್ಲಿಂದ ಎಲ್ಲಿಗೆ ಹೋಗಿ ಬರುತ್ತದೆ ಎಂದು ಕೇಳಿದವರಿಗೆ ಗೊತ್ತು.

ಹಗರಿಬೊಮ್ಮನಹಳ್ಳಿ ಸೀಮೆಯ ಒಂದು ಹಳ್ಳಿಯಲ್ಲಿ ಆ ರಾತ್ರಿ ದೊಡ್ಡಾಟವಿತ್ತು, ಕರ್ಣಾರ್ಜುನರ ಕಾಳಗ. ಹಲಗೆ ಹಾಸಿದ ಅಟ್ಟ, ಮದ್ದಳೆ, ತಾಳ, ಹಾರ್ಮೋನಿಯಂ, ಮುಖವೀಣೆ. ಪಾತ್ರಧಾರಿ ತೆರೆಯ ಹಿಂದೆ ಇರುವಾಗಲೇ ಹಲಗೆ ಕುಟ್ಟುವ ಸದ್ದು ಬರುತ್ತದೆ; ಮುಖ ಕಾಣುವ ಮೊದಲೇ ಕಾಲು ಕಾಣಿಸಿಕೊಳ್ಳುತ್ತದೆ ಎನ್ನಬೇಕು. ಭುಜಕೀರ್ತಿ, ಕಿರೀಟದ ಭಾರ ಹೊತ್ತು ಅರ್ಜುನ ಕುಣಿದ ರಭಸಕ್ಕೆ ಅಟ್ಟದ ಕೆಳಗಿನ ಧೂಳು ಟ್ಯೂಬ್‌ಲೈಟಿನ ಬೆಳಕಿಗೆ ಎದ್ದು ಬಂತು. ಪದ, ಕುಣಿತ, ಮಾತು, ಸಾರಥಿಯ ನಗೆಚಾಟಿಕೆ, ಮತ್ತೆ ಪದ. ನಡುರಾತ್ರಿ ಕಳೆದ ಮೇಲೆ ಕುಂತಿ ಬಂದಳು. ಅಷ್ಟೊತ್ತು ಅಬ್ಬರಿಸಿದ ಮದ್ದಳೆ ಬೆರಳ ತುದಿಯಲ್ಲಿ ನುಡಿಯತೊಡಗಿತು. ಕಂಬಳಿ ಹೊದ್ದು ಮಲಗಿದ್ದ ಮಕ್ಕಳ ನಡುವೆ ಕೂತ ಅಜ್ಜಿಯೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ರಶ್ ತಂಡ 1976ರ ‘2112’ರಲ್ಲಿ ತಟ್ಟೆಯ ಒಂದು ಮಗ್ಗುಲು ತುಂಬ, ಇಪ್ಪತ್ತು ನಿಮಿಷ, ಒಂದೇ ಕಥೆ ಹೇಳಿತೆಂದು ನಾವೆಲ್ಲ ಬೆರಗಾಗಿದ್ದೆವು. ಇಲ್ಲಿ ಕರ್ಣ ಸಾಯುವಾಗ ಮೂಡಣ ಕೆಂಪಾಗಿತ್ತು. ಅಳಿಯ ಒಂದು ಸಲವೂ ಫೋನ್ ತೆಗೆಯಲಿಲ್ಲ. ಅವನ ಅಮ್ಮ ಇದನ್ನು ನಂಬುವುದಿಲ್ಲ.

ಹಡಗಲಿಯಲ್ಲಿ ಮಲ್ಲಿಗೆ ಕೊಂಡೆವು, ನಿಲ್ಲಲಿಲ್ಲ. ಭರತ ಹುಣ್ಣಿಮೆ ಕಳೆದಿತ್ತು, ಮೈಲಾರದ ಕಾರ್ಣಿಕಕ್ಕೆ ಹೊರಟ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸುಗಳ ಸಾಲಿನಲ್ಲಿ ನಮ್ಮ ಕಾರೂ ತೆವಳಿತು.

ಮೈಲಾರದಲ್ಲಿ ಎಲ್ಲಿ ನೋಡಿದರೂ ಗೊರವರು. ಕರಿಕಂಬಳಿಯ ನಿಲುವಂಗಿ, ಕರಡಿ ಕೂದಲ ಟೊಪ್ಪಿಗೆ, ಕೈಯಲ್ಲಿ ಡಮರುಗ, ತುಟಿಗೆ ಕೊಳಲು. ಕಪ್ಪು ಟೀಶರ್ಟಿನ ನನ್ನ ಅಳಿಯ ಅವರ ನಡುವೆ ಹೊರಗಿನವನಂತೆ ಕಾಣಲೇ ಇಲ್ಲ. ಅಲ್ಲಿ ಒಬ್ಬ ಮುದುಕ ಗೊರವ ಎಡಗೈಯಲ್ಲಿ ಕೊಳಲು ಹಿಡಿದು, ಬಲಗೈಯಲ್ಲಿ ಡಮರುಗ ಆಡಿಸುತ್ತಾ, ಗಿರಗಿರನೆ ಒಂದು ಸುತ್ತು ಹಾಕಿ ಒಂಟಿ ಕಾಲ ಮೇಲೆ ನಿಂತ. ನನಗೆ ತಟ್ಟನೆ ಇಯಾನ್ ಆ್ಯಂಡರ್ಸನ್ ಕಂಡ. ಜೆಥ್ರೋ ಟಲ್‌ನ ಮುಂದಾಳು, ಒಂಟಿ ಕಾಲಲ್ಲಿ ನಿಂತು ಕೊಳಲೂದುವುದಕ್ಕೇ ಹೆಸರಾದವನು. 1989ರಲ್ಲಿ ಗ್ರ್ಯಾಮಿಯವರು ಹಾರ್ಡ್ ರಾಕ್ ಮತ್ತು ಮೆಟಲ್‌ಗೆ ಮೊದಲ ಸಲ ಪ್ರಶಸ್ತಿ ಇಟ್ಟಾಗ ಅದು ಎಲ್ಲರೂ ಕಾದಿದ್ದ ಮೆಟಾಲಿಕಾಕ್ಕೆ ಹೋಗದೆ ಈ ಕೊಳಲಿನವರಿಗೆ ಹೋಯಿತು. ಸಭೆಯಲ್ಲಿ ಕೂಗಾಟವಾಯಿತು. ಕೊಳಲೂ ಭಾರವಾದ ಲೋಹದ ವಾದ್ಯವೇ ಎಂದು ಟಲ್‌ನ ಕಂಪನಿ ಜಾಹೀರಾತು ಕೊಟ್ಟು ನಕ್ಕಿತು. ಮೈಲಾರದಲ್ಲಿ ಈ ತಕರಾರೇ ಹುಟ್ಟುವುದಿಲ್ಲ. ಕಂಚವೀರರು ಕಬ್ಬಿಣದ ಸರಪಳಿ ಜಗ್ಗಿ ಹರಿಯುವ ಪವಾಡ ಇದೇ ಜಾತ್ರೆಯದು, ಈ ಕೊಳಲೂ ಇದೇ ಜಾತ್ರೆಯದು.

ಸಂಜೆಗೆ ಕಾರ್ಣಿಕ ನಡೆಯುವ ಡೆಂಕನಮರಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಏಳು ಕೋಟಿಯ ಉಘೇ, ಡಮರುಗ, ಡೊಳ್ಳು, ಲಕ್ಷಾಂತರ ಗಂಟಲು. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಸರಸರ ಏರಿದರು. ತುದಿಯಲ್ಲಿ ನಿಂತು, “ಸದ್ದಲೇ!” ಎಂದರು.

ಸದ್ದು ನಿಂತಿತು. ಒಮ್ಮೆಲೇ, ಕತ್ತರಿಸಿದ ಹಾಗೆ. ನನ್ನ ಪಕ್ಕದವನ ಉಸಿರು ಕೇಳಿಸಿತು. ಒಂದೇ ಸಾಲಿನ ಭವಿಷ್ಯವಾಣಿ, ಕಾರ್ಣಿಕ, ನುಡಿದು ಗೊರವಯ್ಯ ಹಿಂದಕ್ಕೆ ಬಿದ್ದರು, ಕೆಳಗಿದ್ದವರು ಹಿಡಿದುಕೊಂಡರು. ಆ ಕೂಡಲೇ ಗದ್ದಲ ಮತ್ತೆ ಎದ್ದಿತು. ಮಳೆಯೋ, ಬೆಳೆಯೋ, ವಿಧಾನಸೌಧವೋ ಎಂದು ಅರ್ಥ ಬಿಡಿಸುವವರ ಗುಂಪುಗಳಾದವು.

“ಅಷ್ಟು ಜೋರಿದ್ದರೇ ಆ ನಿಲ್ಲಿಸುವಿಕೆಗೆ ಬೆಲೆ ಅಲ್ವಾ ಮಾವ” ಎಂದ ಅಳಿಯ, ಮೆಲ್ಲಗೆ. ನಾನು ಹೇಳಬೇಕೆಂದಿದ್ದ ಮಾತು ಅದು. ಮೇಡನ್‌ನವರ ಹಡಗು ನಡುಹಾಡಿನಲ್ಲಿ ಸ್ತಬ್ಧವಾಗುವುದಕ್ಕೂ ಮೊದಲ ಅಷ್ಟೂ ಗಿಟಾರು ಬೇಕು.

ಕುರುವತ್ತಿಯಲ್ಲಿ ತುಂಗಭದ್ರೆಯ ದಂಡೆಯ ಗುಡಿಯ ಮದನಿಕೆಯರನ್ನು ನೋಡಿ ಹರಪನಹಳ್ಳಿಗೆ ಬಂದೆವು. ಹೋಟೆಲಿನಲ್ಲಿ ಅಳಿಯ ಮತ್ತೆ ಪಟ್ಟಿ ಹಿಡಿದ: ಇದು ಪ್ರೋಗ್, ಇದು ಮೆಟಲ್, ಇದು ಪ್ರೋಗ್ ಮೆಟಲ್, ಬೆಂಗಳೂರಿನ ಅಗಂ ತಂಡದ್ದು ಕರ್ನಾಟಕ ಸಂಗೀತದ ಪ್ರೋಗ್. ಕೂತ ಊರಿನ ಕಥೆ ಹೇಳಿದೆ. ಹರಪನಹಳ್ಳಿ ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಜಿಲ್ಲೆ ಬದಲಾದರೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಸಿಗುತ್ತದೆ, ಕಚೇರಿಯ ದಾರಿ ಬದಲಾಗುತ್ತದೆ. ಹಾಗಾಗಿ ಹೆಸರು ಸುಮ್ಮನೆ ಅಲ್ಲ. ಆದರೆ ಕೆರೆ ಇದ್ದಲ್ಲೇ ಇದೆ.

ಬಾಗಳಿಯ ಕಲ್ಲೇಶ್ವರ ಗುಡಿ ಅಲ್ಲಿಗೆ ಹತ್ತಿರ. ಗರ್ಭಗುಡಿಯ ಹೊತ್ತಿಗೆ ರಾಷ್ಟ್ರಕೂಟರು, ಮುಂದಿನ ಮಂಟಪದ ಹೊತ್ತಿಗೆ ಕಲ್ಯಾಣದ ಚಾಲುಕ್ಯರು. 987ರ ಶಾಸನದಲ್ಲಿ ದುಗ್ಗಿಮಯ್ಯ ಎಂಬುವನ ಹೆಸರಿದೆ. ಒಳಗಿನ ಸರಳ ಕಲ್ಲಿನಿಂದ ಹೊರಗೆ ಬಂದರೆ ಕಂಬಗಳು: ಒಂದಕ್ಕೆ ಉರುಟು ಬಳೆಗಳು, ಪಕ್ಕದ್ದಕ್ಕೆ ಮಡಿಕೆ ಮಡಿಕೆಯ ಅಂಚು, ಅದರಾಚೆಯದು ಎಂಟು ಮೂಲೆಯಿಂದ ನಾಲ್ಕು ಮೂಲೆಗೆ ತಿರುಗಿಕೊಂಡದ್ದು. ಎಲ್ಲದರ ತಲೆಯ ಮೇಲೂ ಅದೇ ಕಲ್ಲಿನ ಚಾವಣಿ. ಅಳಿಯ ಒಂದು ಕಂಬಕ್ಕೆ ಕೆನ್ನೆ ಒತ್ತಿ, ಬೆರಳಿನಿಂದ ಒಂಬತ್ತು, ಎಂಟು, ಏಳು ಎಣಿಕೆಯ ಪೆಟ್ಟು ಹಾಕತೊಡಗಿದ. ಟೂಲ್ ತಂಡದ 2001ರ ‘ಲ್ಯಾಟರಾಲಸ್’ ಹಾಡಿನ ಲೆಕ್ಕ ಅದು.

“ಸರಿ ಮಾವ, ಟೂಲ್ ಪ್ರೋಗ್. ಮೇಡನ್‌ದು ಆ ಒಂದು ಹಾಡು ಕೊಡ್ತೀನಿ. ಸಬ್ಬತ್ ಮಾತ್ರ ಕೊಡಲ್ಲ.”

ಸಬ್ಬತ್‌ಗಾಗಿ ದಾವಣಗೆರೆಯವರೆಗೂ ಜಗಳವಾಡಿದೆವು. ವೇಕ್‌ಮನ್ ಹೆಸರು ತೆಗೆದರೂ ಅವನು ಬಗ್ಗಲಿಲ್ಲ.