ಮೂರು ಹೆಸರಿನ ಹಾಡು

ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಕ್ಯಾಬ್ ನಿಂತರೆ ನಂಗೊಂದು ಅಭ್ಯಾಸ. ಇಯರ್‌ಫೋನ್ ಸಿಕ್ಕಿಸಿಕೊಂಡು ಚಕ್ ಬೆರಿಯ ಹಾಡು ಹಾಕೋದು. ಅವನ ಹಾಡುಗಳಲ್ಲಿ ಕಾರುಗಳು ಓಡ್ತವೆ. ನಮ್ಮದು ಓಡದೇ ನಿಂತಿರುವಾಗ ಅಷ್ಟೇ ಸಮಾಧಾನ.

ಹೆಚ್ಚಿನವು ಎರಡು, ಎರಡೂವರೆ ನಿಮಿಷದ ಹಾಡುಗಳು. ಆದರೆ ಒಂದೊಂದರಲ್ಲೂ ಒಂದು ಕತೆ ಇರತ್ತೆ. ‘ಮೇಬಲೀನ್’ನಲ್ಲಿ ಕೈಕೊಟ್ಟ ಹುಡುಗಿ ಕ್ಯಾಡಿಲಾಕ್‌ನಲ್ಲಿ ಹೋಗ್ತಿದ್ದರೆ, ಹುಡುಗ ತನ್ನ ಫೋರ್ಡ್‌ನಲ್ಲಿ ಅವಳ ಬೆನ್ನು ಹತ್ತುತ್ತಾನೆ. ‘ಸ್ಕೂಲ್ ಡೇ’ನಲ್ಲಿ ಕೊನೆಯ ಗಂಟೆ ಹೊಡೆದದ್ದೇ ತಡ, ಮಕ್ಕಳು ಜ್ಯೂಕ್‌ಬಾಕ್ಸ್ ಇರೋ ಜಾಗಕ್ಕೆ ಓಡ್ತಾರೆ. ಸ್ಕೂಲ್ ಮಕ್ಕಳ ಮನಸ್ಸನ್ನು ಅಷ್ಟು ಚೆನ್ನಾಗಿ ಬರೆದವನಿಗೆ 1957ರಲ್ಲಿ ಆಗಲೇ ಮೂವತ್ತು ವರ್ಷ. ಮದುವೆಯಾಗಿ ಮಕ್ಕಳಿದ್ದವು. ಹಿಂದೆ ಕಾರು ಫ್ಯಾಕ್ಟರಿಯಲ್ಲಿ ದುಡಿದಿದ್ದ, ಕೇಶವಿನ್ಯಾಸ ಕಲಿತಿದ್ದ.

ಅವನ ಮೊದಲ ಹಿಟ್ ‘ಮೇಬಲೀನ್’. 1955ರ ಮೇ ತಿಂಗಳಲ್ಲಿ ಸೇಂಟ್ ಲೂಯಿಸ್‌ನಿಂದ ಶಿಕಾಗೋಗೆ ಹೋಗಿ ಚೆಸ್ ರೆಕಾರ್ಡ್ಸ್‌ನಲ್ಲಿ ಹಾಡಿದ್ದು. ‘ಐಡಾ ರೆಡ್’ ಅನ್ನೋ ಹಳೇ ಹಳ್ಳಿಹಾಡಿನ ಧಾಟಿಯನ್ನು ತಿದ್ದಿ ತೀಡಿ ಕಟ್ಟಿದ್ದ. ಬಿಲ್‌ಬೋರ್ಡಿನ ಆರ್ ಅಂಡ್ ಬಿ ಪಟ್ಟಿಯಲ್ಲಿ ಅದು ಒಂದನೇ ಸ್ಥಾನಕ್ಕೇ ಹೋಯ್ತು. ಹಾಡು ಅಚ್ಚಾಗಿ ಬಂದಾಗ ನೋಡಿದರೆ ಬರೆದವರ ಹೆಸರು ಮೂರು! ಬೆರಿಯ ಜೊತೆ ರೇಡಿಯೋದ ಅಲನ್ ಫ್ರೀಡ್, ಇನ್ನೊಬ್ಬ ರಸ್ ಫ್ರಾಟೋ. ಇಬ್ಬರೂ ಒಂದು ಸಾಲು ಬರೆದವರಲ್ಲ. ಫ್ರೀಡ್ ನ್ಯೂಯಾರ್ಕ್ ರೇಡಿಯೋದಲ್ಲಿ ಹಾಡನ್ನು ಮತ್ತೆ ಮತ್ತೆ ಹಾಕಬೇಕಿತ್ತಲ್ಲ, ಫ್ರಾಟೋ ಕಂಪನಿಗೆ ಬೇಕಾದವನು. ರಾಯಲ್ಟಿಯೂ ಅವರಿಗೆ ಹಂಚಿಹೋಯ್ತು. ಆ ಎರಡು ಹೆಸರು ತೆಗೆಸೋಕೆ ಬೆರಿಗೆ 1986ರವರೆಗೆ ಕಾಯಬೇಕಾಯ್ತು.

ಇದನ್ನು ಓದಿದ ದಿನ ನಂಗೆ ನಿದ್ದೆ ಬರಲಿಲ್ಲ. ಯಾಕಂದ್ರೆ ನನ್ನದೂ ಒಂದು ‘ಮೇಬಲೀನ್’ ಇತ್ತು. ಮೊದಲ ಕೆಲಸದಲ್ಲಿ ಎರಡು ತಿಂಗಳು ರಾತ್ರಿ ಕೂತು ಒಂದು ಸ್ಕ್ರಿಪ್ಟ್ ಬರೆದಿದ್ದೆ. ಅರ್ಧ ದಿನ ಹಿಡೀತಿದ್ದ ರಿಪೋರ್ಟು ಅರ್ಧ ಗಂಟೆಗೆ ಬರೋ ಹಾಗಾಯ್ತು. ಕ್ಲೈಂಟ್‌ಗೆ ತೋರಿಸಿದ ಸ್ಲೈಡಿನಲ್ಲಿ ಮೂರು ಹೆಸರು, ನನ್ನದು ಮೂರನೇದು. ಮೊದಲೆರಡು ಹೆಸರಿನವರು ಆ ಕೋಡ್ ತೆರೆದೂ ನೋಡಿರಲಿಲ್ಲ. ಆವತ್ತಿಂದ ಚಕ್ ಬೆರಿ ನನ್ನ ಪಾಲಿಗೆ ಬರೀ ಹಾಡುಗಾರ ಅಲ್ಲ, ನಮ್ಮ ಪಾರ್ಟಿಯವನು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಮುಂದೆ ಓದಿದೆ.

ಜಾನಿ ಜಾನ್ಸನ್ ಅಂತ ಒಬ್ಬ ಪಿಯಾನೋ ವಾದಕ. 1952ರ ಡಿಸೆಂಬರ್ 31ರ ರಾತ್ರಿ ತನ್ನ ತಂಡದ ಸ್ಯಾಕ್ಸೋಫೋನ್‌ನವನಿಗೆ ಹುಷಾರಿಲ್ಲ ಅಂತ ಬೆರಿಯನ್ನು ಕರೆದವನು ಇವನೇ. ಅಂದರೆ ಮೊದಲಿಗೆ ಅದು ಜಾನ್ಸನ್ನನ ತಂಡ. ಆಮೇಲೆ ಅದೇ ಬೆರಿಯ ತಂಡವಾಯ್ತು. ಎಂಬತ್ತರ ದಶಕದಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಒಂದು ಸೂಕ್ಷ್ಮ ಗಮನಿಸಿದ: ಬೆರಿಯ ಎಷ್ಟೋ ಹಾಡುಗಳ ಶ್ರುತಿ ಗಿಟಾರಿನವರಿಗೆ ಸಲೀಸಾದದ್ದಲ್ಲ, ಪಿಯಾನೋದವರಿಗೆ ಒಗ್ಗೋದು. ಪದಗಳೆಲ್ಲ ಬೆರಿಯವೇ. ಸಂಗೀತ? ಆ ಹೊತ್ತಿಗೆ ಜಾನ್ಸನ್ ಸೇಂಟ್ ಲೂಯಿಸ್‌ನಲ್ಲಿ ವಯಸ್ಸಾದವರನ್ನು ಕರೆದೊಯ್ಯುವ ಬಸ್ ಓಡಿಸ್ತಿದ್ದ. 2000ನೇ ಇಸವಿಯಲ್ಲಿ, ಐವತ್ತಕ್ಕೂ ಹೆಚ್ಚು ಹಾಡುಗಳಲ್ಲಿ ನನ್ನ ಪಾಲೂ ಇದೆ ಅಂತ ಕೋರ್ಟಿಗೆ ಹೋದ. ತುಂಬಾ ವರ್ಷ ಕಳೆದುಹೋಗಿದೆ ಅಂತ 2002ರಲ್ಲಿ ಕೇಸು ಬಿದ್ದುಹೋಯ್ತು.

1958ರ ‘ಜಾನಿ ಬಿ. ಗುಡ್’ ಹಾಡಿನ ಜಾನಿ ಅನ್ನೋ ಹೆಸರು ಈ ಜಾನ್ಸನ್ನನಿಂದ ಬಂದದ್ದು. ಗುಡ್ ಅನ್ನೋದು ಬೆರಿ ಹುಟ್ಟಿದ ಬೀದಿಯ ಹೆಸರು. 1977ರಲ್ಲಿ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಸೇರಿ ಆ ಹಾಡು ನಕ್ಷತ್ರಗಳ ನಡುವಿನ ಬಯಲಿಗೇ ಹೋಗಿ ಮುಟ್ಟಿದೆ. ಹೆಸರು ಹಾಡಿನೊಳಗಿದೆ ನೋಡಿ, ಬರೆದವರ ಪಟ್ಟಿಯಲ್ಲಿಲ್ಲ.

ಒಬ್ಬ ಮನುಷ್ಯ ಅನ್ಯಾಯದ ರುಚಿ ಕಂಡಮೇಲೂ ಹೀಗಾ ಅಂತ ಬೇಜಾರಾಯ್ತು. ಎರಡು ದಿನ ಹಾಡು ಕೇಳಲಿಲ್ಲ. ಮೂರನೇ ದಿನ ನೆನಪಾಯ್ತು, ಹಿಂದಿನ ವಾರದ ರಿವ್ಯೂನಲ್ಲಿ ಡ್ಯಾಶ್‌ಬೋರ್ಡ್ ತೋರಿಸ್ತಾ “ಇದು ನಾವು ಮಾಡಿದ್ದು” ಅಂದಿದ್ದೆ. ಆ ‘ನಾವು’ ಅನ್ನೋದರಲ್ಲಿ ನಾನು ಮಾಡಿದ್ದು ಬಣ್ಣ ಬದಲಿಸಿದ್ದಷ್ಟೇ. ಉಳಿದದ್ದೆಲ್ಲ ಟೀಮಿಗೆ ಹೊಸದಾಗಿ ಬಂದ ಹುಡುಗಿಯದು. ಅವಳು ಎದುರಿನ ಕುರ್ಚಿಯಲ್ಲೇ ಕೂತು ನೋಟ್‌ಬುಕ್ಕಿನಲ್ಲಿ ಏನೋ ಗೀಚ್ತಿದ್ದಳು.

ಅವತ್ತೇ ಎಲ್ಲರಿಗೂ ಮೇಲ್ ಹಾಕಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಇವರ ಕೆಲಸ ಅಂತ ಅವಳ ಹೆಸರು ಬರೆದು. ಆಮೇಲೆ ಅವಳ ಸೀಟಿನ ಹತ್ರ ಹೋಗಿ, “ಆವತ್ತೇ ಹೇಳಬೇಕಿತ್ತು, ತಪ್ಪಾಯ್ತು” ಅಂದೆ.

ಅವಳು ಸ್ಕ್ರೀನಿನಿಂದ ಕಣ್ಣು ತೆಗೆಯದೇ, “ಪರವಾಗಿಲ್ಲ ಬಿಡಿ ಸರ್” ಅಂದಳು.

ಮೂರು ಹೆಸರಿನ ಸ್ಲೈಡ್ ಕಂಡ ದಿನ ನಾನೂ ನನ್ನ ಮ್ಯಾನೇಜರಿಗೆ ಇದೇ ಮಾತು ಹೇಳಿದ್ದೆ, ಇದೇ ದನಿಯಲ್ಲಿ. ಪರವಾಗಿಲ್ಲ ಅಂತ ಆವತ್ತು ನಂಗೆ ಒಂಚೂರೂ ಅನ್ನಿಸಿರಲಿಲ್ಲ.